ಕೈಮೇಲಿನ ಕಪ್ಪು ಗುರುತು

ಹಾಸನದ ಕಡೆಯ ಸೋದರಿಯೊಬ್ಬರು ಗಾಬರಿಯಿಂದ ಬರೆದಿದ್ದಾರೆ. ಹತ್ತೊಂಬತ್ತರ ಮಗಳು ಅಮೆರಿಕದ ವಾಷಿಂಗ್ಟನ್ನಿನಲ್ಲಿ ಓದುತ್ತಿದ್ದಾಳೆ. ಮೊನ್ನೆ ಫೋಟೋ ಕಳಿಸಿ, "ಹಾರ್ಡ್‌ಕೋರ್ ಪಂಕ್ ಕೇಳೋಕೆ ಹೋಗಿದ್ದೆ ಅಮ್ಮಾ, ಒಂದೇ ಸಂಜೆ ಐದು ತಂಡ!" ಎಂದಳಂತೆ. ಎರಡೂ ಕೈಗಳ ಮೇಲೆ ಕಪ್ಪು ಮಸಿಯಲ್ಲಿ ದಪ್ಪನೆಯ ಗುಣಾಕಾರದ ಚಿಹ್ನೆ. "ಇದು ಯಾವ ಕೆಟ್ಟ ಚಾಳಿಯೋ? ಯಜಮಾನರಿಗೆ ಗೊತ್ತಾದರೆ ಓದು ಬಿಡಿಸಿ ಕರೆಸಿಬಿಡುತ್ತಾರೆ" ಎಂದು ತಾಯಿಯ ಅಳಲು.

ಮೊದಲು ಆ ಗುರುತಿನ ಸಂಗತಿ. ಅದು ಕುಡಿಯುವವರ ಗುರುತಲ್ಲ ತಾಯಿ, ಕುಡಿಯದವರದು! ಅಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. 1980ರಲ್ಲಿ ವಾಷಿಂಗ್ಟನ್ನಿನ ‘ಟೀನ್ ಐಡಲ್ಸ್’ ಎಂಬ ಹುಡುಗರ ತಂಡ ಸ್ಯಾನ್‌ಫ್ರಾನ್ಸಿಸ್ಕೋಗೆ ಹೋದಾಗ, ಇವರಿಗೆ ಮದ್ಯ ಕೊಡಬೇಡಿ ಎಂಬರ್ಥದಲ್ಲಿ ಕೈಮೇಲೆ ಈ ಗುರುತೆಳೆದು ಒಳಗೆ ಬಿಟ್ಟರು. ಹುಡುಗರು ಅದೇ ಏರ್ಪಾಟನ್ನು ತಮ್ಮೂರಿಗೂ ತಂದರು. ಅವರಲ್ಲೊಬ್ಬ, ಇಯಾನ್ ಮಕಾಯ್, ಮುಂದೆ ‘ಮೈನರ್ ಥ್ರೆಟ್’ ತಂಡ ಕಟ್ಟಿ, ಅಮಲು ತನಗೆ ಬೇಡವೆಂದು ‘ಸ್ಟ್ರೈಟ್ ಎಡ್ಜ್’ ಎಂಬ ಹಾಡು ಹಾಡಿದ. ಪೂರಾ ಒಂದು ನಿಮಿಷವೂ ಇಲ್ಲದ ಹಾಡು. ಅದರ ಹೆಸರಿನಲ್ಲೇ ಕುಡಿಯದಿರುವ ವ್ರತ ಹಿಡಿದ ಯುವಕರ ಪಂಗಡವೇ ಬೆಳೆಯಿತು.

ಇನ್ನು ಕಛೇರಿ. ನಮ್ಮ ಕಿವಿಗೆ ಅದು ಸಂಗೀತವೇ ಅಲ್ಲ ಅನ್ನಿಸೀತು. ಗಿಟಾರು, ಡ್ರಮ್ಮು, ಅರಚಾಟ, ಆಲಾಪನೆಗೆಲ್ಲ ಪುರಸೊತ್ತಿಲ್ಲ. ಒಂದೊಂದು ತಂಡಕ್ಕೆ ಅರ್ಧ ಗಂಟೆ ಸಿಕ್ಕರೆ ಹೆಚ್ಚು. ಸಾಮಾನು ಸರಿಸಿ ಮುಂದಿನವರು ಬರುತ್ತಾರೆ. ವಾಷಿಂಗ್ಟನ್ನಿನಲ್ಲಿ ಚರ್ಚಿನ ಸಭಾಂಗಣಗಳಲ್ಲೂ ಇಂಥವು ನಡೆದಿವೆ. ವೇದಿಕೆಯ ಮುಂದೆ ಹುಡುಗರು ಒಬ್ಬರಿಗೊಬ್ಬರು ಢಿಕ್ಕಿ ಹೊಡೆಯುತ್ತಾ ಕುಣಿಯುತ್ತಾರೆ. ನೋಡಿದರೆ ಹೊಡೆದಾಟವೇ! ಆದರೆ ಯಾರಾದರೂ ಬಿದ್ದರೆ ಸುತ್ತಲಿನವರು ತಟ್ಟನೆ ಎತ್ತಿ ನಿಲ್ಲಿಸಬೇಕು, ಅದು ಅಲ್ಲಿನ ರೂಢಿ.

ರೂಢಿಯನ್ನು ಎಲ್ಲರೂ ಪಾಲಿಸುತ್ತಾರೆಂದಲ್ಲ. ಮೊಣಕೈ ಏಟಿಗೆ ಹೆದರಿ ಹೆಣ್ಣುಮಕ್ಕಳು ಹಿಂದಿನ ಗೋಡೆಗೆ ಒರಗಿ ನಿಲ್ಲುವುದೇ ಆಗಿತ್ತು. 1990ರ ದಶಕದ ಆರಂಭದಲ್ಲಿ ‘ಬಿಕಿನಿ ಕಿಲ್’ ತಂಡದ ಕ್ಯಾಥ್ಲೀನ್ ಹ್ಯಾನಾ ವೇದಿಕೆಯಿಂದಲೇ ಹುಡುಗಿಯರನ್ನು ಮುಂದಕ್ಕೆ ಕರೆದು, ಗಂಡುಹುಡುಗರನ್ನು ಹಿಂದೆ ನಿಲ್ಲಿಸಿದಳು. (ಹೆಸರು ಕೇಳಿ ಮುಖ ಸಿಂಡರಿಸಬೇಡಿ, ಕೆಲಸ ನೋಡಿ.) ಮಕಾಯ್ 1987ರಲ್ಲಿ ಕಟ್ಟಿದ ‘ಫುಗಾಜಿ’ ತಂಡದ ಟಿಕೆಟ್ಟು ಐದೇ ಡಾಲರ್ ಇರುತ್ತಿತ್ತು. ಯಾರಾದರೂ ಪುಂಡಾಟ ಮಾಡಿದರೆ ಹಾಡು ನಿಲ್ಲಿಸಿ, ಐದು ಡಾಲರ್ ವಾಪಸು ಕೊಟ್ಟು ಆಚೆ ಕಳಿಸುತ್ತಿದ್ದರು.

ನನಗೇನೋ ಚಿಂತೆ ಕಿವಿಯದು. ಇಂಥ ಕಡೆಗಳಲ್ಲಿ ಸರಾಸರಿ ಶಬ್ದ 100 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಅಷ್ಟು ಶಬ್ದವೇ ರಕ್ಷಣೆಯಿಲ್ಲದ ಕಿವಿಗೆ ಹದಿನೈದು ನಿಮಿಷ ದಾಟಿದರೆ ಜಾಸ್ತಿ ಅನ್ನುತ್ತಾರೆ. ಐದು ತಂಡ ಅಂದರೆ ನೀವೇ ಲೆಕ್ಕ ಹಾಕಿ! ಮೆತ್ತನೆಯ ಸ್ಪಂಜಿನ ಕಿವಿಬಿರಡೆ ಸಿಗುತ್ತದೆ, ಪ್ರತಿ ಸಲ ಹಾಕಿಕೊಳ್ಳಲಿ. ಮನೆಗೆ ಬಂದ ಮೇಲೆ ಗುಂಯ್‌ಗುಡುವುದು ನಿಲ್ಲದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಬೆರಳು ಮುಚ್ಚುವ ಬೂಟು ಇರಲಿ, ನೇತಾಡುವ ಓಲೆ ಬೇಡ, ಜಡೆ ಗಂಟು ಕಟ್ಟಿರಲಿ. ಜೊತೆಗೆ ಯಾರು ಹೋಗುತ್ತಾರೆ, ರಾತ್ರಿ ವಾಪಸು ಹೇಗೆ ಬರುತ್ತಾಳೆ, ಇಷ್ಟನ್ನು ವಿಚಾರಿಸಿ. ಬೈದರೆ ಮುಂದಿನ ಸಲ ಫೋಟೋ ಬರುವುದಿಲ್ಲ, ಅಷ್ಟೆ, ಹೋಗುವುದು ನಿಲ್ಲುವುದಿಲ್ಲ.

ಯಜಮಾನರಿಗೂ ನೀವೇ ಹೇಳಿ, ಮುಚ್ಚಿಡಬೇಡಿ. ಊಟವಾದ ಮೇಲೆ, ಗುರುತಿನ ಅರ್ಥ ಮೊದಲು ತಿಳಿಸಿ, ಫೋಟೋ ಆಮೇಲೆ ತೋರಿಸಿ.