ಕಾಣದ ಉಪಕರಣಕ್ಕೆ ಕರೆಂಟು ಕೊಡಬೇಡಿ

ಸ್ನಾನಕ್ಕೆ ಹೋಗುವ ಮುನ್ನ ಗೀಸರ್ ಆರಿಸು. ಇಸ್ತ್ರಿ ಮುಗಿದ ಕೂಡಲೇ ಪ್ಲಗ್ ಕಿತ್ತಿಡು. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡ. ಊರಿಗೆ ಹೊರಟರೆ ಮೇನ್ ಆಫ್ ಮಾಡು. ನಮ್ಮ ಮನೆಗಳಲ್ಲಿ ದೊಡ್ಡವರು ಈ ಮಾತುಗಳನ್ನು ಬೈದು ಬೈದು ಕಲಿಸಿದ್ದರು. ಕರೆಂಟು ಹೊಡೆದು ಸತ್ತವರನ್ನು ಕಣ್ಣಾರೆ ಕಂಡ ತಲೆಮಾರಿನ ಭಯ ಅದು, ಅದರಲ್ಲಿ ತಿಳಿವಳಿಕೆ ಇತ್ತು. ಸ್ಮಾರ್ಟ್ ಪ್ಲಗ್, ರಿಮೋಟು, ಕೂಗಿದರೆ ಓಗೊಡುವ ಸ್ಪೀಕರು ಮನೆಗೆ ಬಂದ ಮೇಲೆ ಆ ಶಿಸ್ತನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಎಸೆದುಬಿಟ್ಟಿದ್ದೇವೆ. ಬೆಂಗಳೂರಿನ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಕುಳಿತವನು ಫೋನ್ ಒತ್ತಿ ವಿಜಯನಗರದ ಮನೆಯ ಗೀಸರ್ ಹಾಕುತ್ತಾನೆ. ಬಚ್ಚಲಿನಲ್ಲಿ ಯಾರಿದ್ದಾರೆ, ಟ್ಯಾಂಕಿನಲ್ಲಿ ನೀರಿದೆಯೇ ಎಂಬುದು ಅವನಿಗೆ ಗೊತ್ತಿಲ್ಲ. ಇದನ್ನು ಆತ ಅನುಕೂಲ ಎನ್ನುತ್ತಾನೆ. ನಾನು ಬೇಜವಾಬ್ದಾರಿ ಎನ್ನುತ್ತೇನೆ.

ಈ ಉಪಕರಣಗಳ ಮೇಲೆ ನನಗೆ ದ್ವೇಷವಿಲ್ಲ. ಹಾಸಿಗೆಯಿಂದ ಏಳಲಾಗದವರು ಬಾಯಿಮಾತಿನಲ್ಲೇ ಫ್ಯಾನು ಹಾಕಿಕೊಳ್ಳುವುದು, ಕಣ್ಣು ಕಾಣದವರು ಯಾರನ್ನೂ ಕೇಳದೆ ರೇಡಿಯೊ ಹಚ್ಚಿಕೊಳ್ಳುವುದು ದೊಡ್ಡ ಸಂಗತಿ. ನನ್ನ ಸಿಟ್ಟು ಕೈಕಾಲು ಗಟ್ಟಿಯಿದ್ದೂ ನಾಲ್ಕು ಹೆಜ್ಜೆ ಎದ್ದು ಹೋಗಿ ನೋಡದವರ ಮೇಲೆ. ಸ್ವಿಚ್ಚಿನ ಬಳಿ ಹೋಗುತ್ತಿದ್ದ ಕೈ ಬರೀ ಸ್ವಿಚ್ ಒತ್ತುತ್ತಿರಲಿಲ್ಲ. ಪ್ಲಗ್ ಬಿಸಿಯಾಗಿದ್ದರೆ ಆ ಕೈಗೆ ತಿಳಿಯುತ್ತಿತ್ತು, ಸುಟ್ಟ ವಾಸನೆ ಮೂಗಿಗೆ ಬಡಿಯುತ್ತಿತ್ತು, ಚಟಚಟ ಸದ್ದು ಕಿವಿಗೆ ಬೀಳುತ್ತಿತ್ತು. ದಿನಕ್ಕೆ ಹತ್ತು ಸಲ ಯಾರ ಗಮನಕ್ಕೂ ಬಾರದೆ ನಡೆಯುತ್ತಿದ್ದ ಆ ತಪಾಸಣೆಯನ್ನು ಈಗ ನಿಲ್ಲಿಸಿದ್ದೇವೆ. ಅದರ ಜಾಗಕ್ಕೆ ಬೇರೆ ಏನನ್ನೂ ತಂದಿಲ್ಲ.

ಮೊದಲು ಲೆಕ್ಕ ಕೇಳಿ. ನಮ್ಮ ಮನೆಗೆ ಬರುವುದು 230 ವೋಲ್ಟ್. 3000 ವ್ಯಾಟ್ ಗೀಸರ್ ಸುಮಾರು 13 ಆಂಪಿಯರ್ ಎಳೆಯುತ್ತದೆ, 2000 ವ್ಯಾಟಿನದು ಒಂಬತ್ತರ ಹತ್ತಿರ. ದೀಪಕ್ಕೆ, ಟಿ.ವಿ.ಗೆ ಎಂದು ಮಾಡಿದ ಸಣ್ಣ ಸ್ಮಾರ್ಟ್ ಪ್ಲಗ್ಗಿನ ಬೆನ್ನ ಮೇಲೆ 6 ಎಂದೋ 10 ಎಂದೋ ಆಂಪಿಯರ್ ಅಚ್ಚು ಹಾಕಿರುತ್ತಾರೆ. ಅದನ್ನು ಓದುವ ವ್ಯವಧಾನ ಎಷ್ಟು ಜನರಿಗಿದೆ? 16 ಆಂಪಿಯರಿನ ದಪ್ಪ ಪಿನ್ನು ಸಣ್ಣ ಸಾಕೆಟ್ಟಿಗೆ ಹೋಗದಂತೆ ಮಾಡಿರುವುದೇ ಒಂದು ರಕ್ಷಣೆ. ಜನ ಅಂಗಡಿಗೆ ಹೋಗಿ ಒಂದು ಕನ್ವರ್ಟರ್ ತಂದು ಆ ರಕ್ಷಣೆಯನ್ನೇ ಮುರಿಯುತ್ತಾರೆ. ಗೋಡೆಯ ಸಾಕೆಟ್ಟಿಗೆ ಸ್ಮಾರ್ಟ್ ಪ್ಲಗ್, ಅದರ ಮೂತಿಗೆ ಕನ್ವರ್ಟರ್, ಅದಕ್ಕೆ ನೇತುಬಿದ್ದ ಗೀಸರಿನ ದಪ್ಪ ವೈರು.

ಮುಂದೆ ಆಗುವುದು ನಿಧಾನವಾಗಿ ಆಗುತ್ತದೆ. ಭಾರಕ್ಕೆ ಜಗ್ಗಿದ ಪಿನ್ನು ಒಳಗೆ ಸಡಿಲವಾಗುತ್ತದೆ. ಸಡಿಲಾದ ಕಡೆ ಬಿಸಿ ಹುಟ್ಟುತ್ತದೆ. ಬಿಸಿಗೆ ಹಿತ್ತಾಳೆಯ ಹಿಡಿತ ಇನ್ನಷ್ಟು ಸೋಲುತ್ತದೆ, ಬಿಸಿ ಇನ್ನಷ್ಟು ಏರುತ್ತದೆ. ಬಿಳಿ ಪ್ಲಾಸ್ಟಿಕ್ಕು ಹಳದಿಗೆ ತಿರುಗಿ, ರಂಧ್ರದ ಸುತ್ತ ಕಂದು ಕಲೆ ಕಟ್ಟಿ, ಒಂದು ದಿನ ಕರಗಿ ಪಿನ್ನಿಗೆ ಅಂಟಿಕೊಳ್ಳುತ್ತದೆ. ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳುವ ಎಂಸಿಬಿ ಸ್ವಿಚ್ಚು ಇದೆಯಲ್ಲ ಎಂದು ವಾದಿಸುವವರು ತಿಳಿಯಬೇಕು: ಎಂಸಿಬಿ ನೋಡುವುದು ಕರೆಂಟಿನ ಪ್ರಮಾಣವನ್ನು. ಸಡಿಲ ಸಂಧಿಯಲ್ಲಿ ಹುಟ್ಟುವ ಬಿಸಿ ಅದಕ್ಕೆ ಕಾಣುವುದಿಲ್ಲ. ಕರೆಂಟು ಮಿತಿಯೊಳಗೇ ಇರುತ್ತದೆ, ಎಂಸಿಬಿ ಬೀಳುವುದಿಲ್ಲ, ಗೋಡೆ ಮಾತ್ರ ಸುಡುತ್ತದೆ. ಫೋನಿಗೆ ಅದರ ವಾಸನೆ ಬರುವುದಿಲ್ಲ.

ಎರಡನೆಯ ಉಡಾಫೆ, ಫೋನಿನಲ್ಲಿ ಆಫ್ ಎಂದು ಕಂಡರೆ ಆಫ್ ಆಯಿತೆಂಬ ನಂಬಿಕೆ. ಸ್ಮಾರ್ಟ್ ಪ್ಲಗ್ಗಿನೊಳಗೆ ಇರುವುದು ರಿಲೇ ಎಂಬ ಬೆರಳ ತುದಿಯಷ್ಟು ಚಿಕ್ಕ ಸ್ವಿಚ್ಚು. ಭಾರದ ಲೋಡನ್ನು ಹಾಕಿ ತೆಗೆದು ಮಾಡುತ್ತಿದ್ದರೆ ಪ್ರತಿ ಸಲವೂ ಅದರ ಸಂಪರ್ಕದ ತುದಿಗಳಲ್ಲಿ ಕಿಡಿ ಹಾರುತ್ತದೆ, ಕೆಲವೊಮ್ಮೆ ಆ ತುದಿಗಳು ಒಂದಕ್ಕೊಂದು ಬೆಸೆದುಕೊಂಡುಬಿಡುತ್ತವೆ. ಆಗ ಪರದೆ ಆಫ್ ಎನ್ನುತ್ತದೆ, ತಂತಿಯಲ್ಲಿ ಕರೆಂಟು ಹರಿಯುತ್ತಲೇ ಇರುತ್ತದೆ. ಇಷ್ಟೇ ಅಲ್ಲ. ಇಂಥ ಪ್ಲಗ್ಗುಗಳು ಸಾಮಾನ್ಯವಾಗಿ ಎರಡರಲ್ಲಿ ಒಂದೇ ತಂತಿಯನ್ನು ಕಡಿಯುತ್ತವೆ. ಹಳೆಯ ಮನೆಯ ವೈರಿಂಗಿನಲ್ಲಿ ಫೇಸು ನ್ಯೂಟ್ರಲ್ಲು ಅದಲುಬದಲಾಗಿದ್ದರೆ ಅದು ಕಡಿಯುವುದು ನ್ಯೂಟ್ರಲ್ಲನ್ನು. ಉಪಕರಣ ನಿಂತಿರುತ್ತದೆ, ಆದರೆ ಒಳಗೆ ಜೀವಂತ ಕರೆಂಟು ಕಾದಿರುತ್ತದೆ. ಆದ್ದರಿಂದ ಮಿಕ್ಸಿಯ ಬ್ಲೇಡಿಗೆ, ಗೀಸರಿನ ಮುಚ್ಚಳಕ್ಕೆ, ಯಾವುದಕ್ಕೇ ಆಗಲಿ ಕೈ ಹಾಕುವ ಮುನ್ನ ಪ್ಲಗ್ ಕಿತ್ತು ಕಣ್ಣೆದುರು ಇಡಬೇಕು. ಇದಕ್ಕೆ ವಿನಾಯಿತಿ ಇಲ್ಲ.

ಇನ್ನು ನೀರು ಕಾಯಿಸುವ ರಾಡು. ಪಿಜಿ ಕೋಣೆಗಳಲ್ಲಿ ಓದುವ ಹುಡುಗರು ರಾತ್ರಿಯೇ ಬಕೆಟ್ಟಿಗೆ ರಾಡ್ ಇಳಿಬಿಟ್ಟು, ಸ್ಮಾರ್ಟ್ ಪ್ಲಗ್ಗಿಗೆ ಬೆಳಗಿನ ಐದೂವರೆಯ ಟೈಮರ್ ಇಟ್ಟು ಮಲಗುತ್ತಾರೆ. ರಾಡಿನ ಕ್ರಮ ಎಲ್ಲರಿಗೂ ಗೊತ್ತು: ಮೊದಲು ನೀರು, ಆಮೇಲೆ ರಾಡು, ಕೊನೆಗೆ ಸ್ವಿಚ್ಚು, ಆರಿಸುವಾಗ ಮೊದಲು ಸ್ವಿಚ್ಚು, ಪ್ಲಗ್ಗು, ಕಟ್ಟಕಡೆಗೆ ನೀರು. ಈ ಕ್ರಮ ತಪ್ಪಿದರೆ ಪ್ರಾಣ ಹೋಗುತ್ತದೆ. ಟೈಮರು ಈ ಕ್ರಮವನ್ನು ಕಾಯುವುದಿಲ್ಲ. ರಾತ್ರಿ ಕೋಣೆಯ ಗೆಳೆಯ ಆ ನೀರನ್ನು ಚೆಲ್ಲಿಕೊಂಡಿದ್ದರೆ ಐದೂವರೆಗೆ ರಾಡು ಖಾಲಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕೆಂಪಗೆ ಕಾಯುತ್ತದೆ. ನೀರು ಇದ್ದರೂ, ಅದೇ ಹೊತ್ತಿಗೆ ಯಾರಾದರೂ ಬಿಸಿ ನೋಡಲು ನೀರಿಗೆ ಕೈ ಅದ್ದಿದ್ದರೆ ಏನಾಗುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಕರೆಂಟು ಹೋಗಿ ಬಂದಾಗ ತಾನಾಗಿಯೇ ಹೊತ್ತಿಕೊಳ್ಳುವಂತೆ ಹಲವು ಪ್ಲಗ್ಗುಗಳಲ್ಲಿ ಸೆಟ್ಟಿಂಗ್ ಇರುತ್ತದೆ. ಕರೆಂಟು ಹೋಗಿ ಬರುವುದು ಮಾಮೂಲಾಗಿರುವ ನಮ್ಮ ನಾಡಿನಲ್ಲಿ ಅದನ್ನು ತೆರೆದು ನೋಡಿದವರು ಕಡಿಮೆ.

ಹಳ್ಳಿಯ ಕಡೆಗೂ ಇದೇ ಮಾತು. ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಬಂದಿದ್ದರಿಂದ ರೈತ ನಡುರಾತ್ರಿ ಹಾವು ಚೇಳುಗಳ ನಡುವೆ ತೋಟಕ್ಕೆ ನಡೆಯುವುದು ತಪ್ಪಿದೆ, ಅದು ಒಳ್ಳೆಯದೇ. ಆದರೆ ಅಪ್ಪ ಮೋಟಾರು ಬಿಚ್ಚಿಕೊಂಡು ಕುಳಿತಿರುವಾಗ ದೂರದ ಊರಿನಲ್ಲಿರುವ ಮಗ ಮೊಬೈಲಿನಿಂದ ಸ್ಟಾರ್ಟ್ ಮಾಡಿದರೆ? ಹಿಂದೆ ಸ್ಟಾರ್ಟರಿನ ಬಳಿ ನಿಂತವನಿಗೆ ಮೋಟಾರಿನ ಹತ್ತಿರ ಇರುವವರು ಕಾಣುತ್ತಿದ್ದರು, ಕೂಗಿದರೆ ಕೇಳುತ್ತಿತ್ತು. ಈಗ ನಡುವೆ ನೂರಾರು ಮೈಲಿ ಇರಬಹುದು. ಮೋಟಾರಿಗೆ ಕೈ ಹಾಕುವವರು ಮೇನ್ ಇಳಿಸಿ, ಫ್ಯೂಸು ಕಿತ್ತು ಸ್ವಂತ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಫೋನು ಮಾಡಿ ಹೇಳಿದ್ದೇನೆ ಎಂಬ ಭರವಸೆ ಸಾಲದು.

ರಿಮೋಟಿನಲ್ಲಿ ಆರಿಸಿ ಮಲಗುವ ಚಾಳಿಗೂ ಬೆಲೆ ಇದೆ. ಹತ್ತು ವ್ಯಾಟ್ ಎಳೆಯುವ ಸೆಟ್‌ಟಾಪ್ ಬಾಕ್ಸು ಗೋಡೆಯ ಸ್ವಿಚ್ ಆರಿಸದೆ ವರ್ಷವಿಡೀ ಉಳಿದರೆ 87 ಯೂನಿಟ್‌ಗೂ ಹೆಚ್ಚು ತಿನ್ನುತ್ತದೆ. 2023ರಲ್ಲಿ ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂದ ಮೇಲೆ ಬಿಲ್ಲು ಸೊನ್ನೆ ಎಂದು ಮೈಮರೆತವರು ನೆನಪಿಡಲಿ, ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಬಿಲ್ಲು ಯಾರೇ ಕಟ್ಟಲಿ, ಪೋಲಾದ ವಿದ್ಯುತ್ತು ಪೋಲಾದದ್ದೇ.

ಕರೆಂಟಿನ ಮಾತು ಹೀಗಾದರೆ ಕಿವಿಗೊಡುವ ಸ್ಪೀಕರು, ಕ್ಯಾಮೆರಾಗಳ ಕಥೆಯೂ ಬೇರೆಯೇನಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಮನೆ ಕ್ಯಾಮೆರಾ, ರೂಟರುಗಳನ್ನು ವಶಮಾಡಿಕೊಂಡಿತು. ಅದಕ್ಕೆ ಬೇಕಾಗಿದ್ದದ್ದು ಕಾರ್ಖಾನೆಯಲ್ಲೇ ಇಟ್ಟ ಅರವತ್ತು ಚಿಲ್ಲರೆ ಪಾಸ್‌ವರ್ಡುಗಳ ಒಂದು ಪಟ್ಟಿ ಅಷ್ಟೆ. ಕೊಂಡವರು ಅವನ್ನು ಬದಲಿಸಿರಲಿಲ್ಲ. ಆ ಅಕ್ಟೋಬರಿನಲ್ಲಿ ಅದೇ ಉಪಕರಣಗಳಿಂದ ದಾಳಿ ನಡೆದು ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಗಂಟೆಗಟ್ಟಲೆ ಸಿಗದೆ ಹೋದದ್ದು ಹೀಗೆ. 2021ರ ಡಿಸೆಂಬರಿನಲ್ಲಿ ಅಮೆರಿಕದ ಹತ್ತು ವರ್ಷದ ಹುಡುಗಿಯೊಬ್ಬಳು ಆಡಲು ಒಂದು ಸವಾಲು ಹೇಳು ಎಂದು ಅಮೆಜಾನಿನ ಮಾತಾಡುವ ಸಹಾಯಕಿ ಅಲೆಕ್ಸಾವನ್ನು ಕೇಳಿದಾಗ, ಅರ್ಧ ಸಿಕ್ಕಿಸಿದ ಪ್ಲಗ್ಗಿನ ಪಿನ್ನಿಗೆ ನಾಣ್ಯ ತಾಗಿಸು ಎಂದು ಅದು ಹೇಳಿತು. ಅಮ್ಮ ಪಕ್ಕದಲ್ಲೇ ಇದ್ದಳು, ಮಗು ಉಳಿಯಿತು. ಕಂಪನಿ ಆಮೇಲೆ ಸರಿಪಡಿಸಿತು. ಮಕ್ಕಳ ಧ್ವನಿಯ ದಾಖಲೆಗಳನ್ನು ಅಳಿಸದೆ ಇಟ್ಟುಕೊಂಡ ಆರೋಪದ ಮೇಲೆ 2023ರಲ್ಲಿ ಅಮೆಜಾನ್ ಎರಡೂವರೆ ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಇಷ್ಟೆಲ್ಲ ಬಹಿರಂಗವಾದ ಮೇಲೂ ಮಕ್ಕಳ ಕೋಣೆಯಲ್ಲಿ ಸ್ಪೀಕರ್ ಇಟ್ಟು ಬಾಗಿಲು ಮುಚ್ಚಿ ಬರುವ ತಂದೆ ತಾಯಿಗೆ ಏನು ಹೇಳುವುದು? ಮನೆಗೆಲಸಕ್ಕೆ ಬರುವ ಹೆಂಗಸಿಗೆ ಒಂದು ಮಾತೂ ತಿಳಿಸದೆ ಅಡುಗೆಮನೆಯಲ್ಲಿ ಕಿವಿ ಇಡುವವರಿಗೆ ನಾಚಿಕೆಯಾಗಬೇಕು.

ಗೋಡೆಯ ಸ್ವಿಚ್ಚನ್ನೇ ತೆಗೆಸಿ ಎಲ್ಲವನ್ನೂ ಆ್ಯಪಿಗೆ ಒಪ್ಪಿಸುವವರೂ ಇದ್ದಾರೆ. 2022ರ ಏಪ್ರಿಲಿನಲ್ಲಿ ಇನ್‌ಸ್ಟಿಯಾನ್ ಎಂಬ ಸ್ಮಾರ್ಟ್ ಉಪಕರಣಗಳ ಕಂಪನಿ ಮುನ್ಸೂಚನೆಯಿಲ್ಲದೆ ಸರ್ವರ್ ನಿಲ್ಲಿಸಿದಾಗ ಅದನ್ನು ನಂಬಿದ ಮನೆಗಳ ಆ್ಯಪು ಸತ್ತುಹೋಯಿತು. 2025ರ ಅಕ್ಟೋಬರ್ 20ರಂದು ಅಮೆಜಾನಿನ ಕ್ಲೌಡ್ ಸೇವೆ ಕೆಟ್ಟಾಗ ಹಲವೆಡೆ ಅಲೆಕ್ಸಾ ಮೂಕವಾಯಿತು. ಅಮೆರಿಕದಲ್ಲಿರುವ ಮಗ ಮೈಸೂರಿನ ಅಮ್ಮನ ಮನೆಗೆ ಇಂಥ ಉಪಕರಣಗಳನ್ನೆಲ್ಲ ಹಾಕಿಸಿ ಧನ್ಯನಾದೆ ಎಂದುಕೊಳ್ಳುತ್ತಾನೆ. ಅಲೆಕ್ಸಾ 2017ರಲ್ಲಿ ಭಾರತಕ್ಕೆ ಬಂತು, 2019ರಲ್ಲಿ ಹಿಂದಿ ಕಲಿಯಿತು. ಕನ್ನಡ ಮಾತ್ರ ಬಲ್ಲ ಅಮ್ಮ ತನ್ನ ಮನೆಯ ದೀಪ ಹಚ್ಚಲು ಬಾರದ ಭಾಷೆಯನ್ನು ಬಾಯಿಪಾಠ ಮಾಡಬೇಕೆ? ಮಗನಿಗೆ ಫೋನು ಮಾಡಿ ಕೇಳಿಕೊಳ್ಳಬೇಕೆ?

ಈ ವಾರವೇ ಮಾಡಬೇಕಾದ ಕೆಲಸ ಇಷ್ಟಿದೆ. ಪ್ರತಿ ಸ್ಮಾರ್ಟ್ ಪ್ಲಗ್ಗಿನ ಬೆನ್ನು ತಿರುಗಿಸಿ ಆಂಪಿಯರ್ ಓದಿ. ಗೀಸರ್, ಇಸ್ತ್ರಿ ಪೆಟ್ಟಿಗೆ, ರಾಡು, ರೂಮ್ ಹೀಟರು, ಒಟ್ಟಿನಲ್ಲಿ ಕಾಯುವ ಯಾವುದನ್ನೂ ದೂರದಿಂದ ಹಾಕಬೇಡಿ, ಕನ್ವರ್ಟರುಗಳನ್ನು ಎಸೆಯಿರಿ. ಒಳ್ಳೆಯ ಎಲೆಕ್ಟ್ರಿಷಿಯನ್ನನ್ನು ಕರೆದು ಅರ್ತಿಂಗ್ ಪರೀಕ್ಷಿಸಿ, ಕರೆಂಟು ಸೋರಿದರೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಅದರ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಿ. ಪಾಸ್‌ವರ್ಡು ಬದಲಿಸಿ. ಗೋಡೆಯ ಸ್ವಿಚ್ಚನ್ನು ಉಳಿಸಿಕೊಳ್ಳಿ, ಮನೆಯ ಹಿರಿಯರಿಗೂ ಮಕ್ಕಳಿಗೂ ಮೇನ್ ಆಫ್ ಮಾಡುವುದನ್ನು ತೋರಿಸಿಕೊಡಿ. ಕರೆಂಟು ಹಾಕಿದವನೇ ಅದರ ಪರಿಣಾಮಕ್ಕೆ ಹೊಣೆ. ಬೆರಳು ಎಷ್ಟೇ ದೂರದಲ್ಲಿದ್ದರೂ ಆ ಹೊಣೆ ಕಡಿಮೆಯಾಗುವುದಿಲ್ಲ.