“ದೇವರು ಕರ್ಕೊಂಡ” ಅನ್ನಬೇಡಿ

ಪಾಸ್ಟರ್‌ಗಳೇ, ಸಭೆಯ ಹಿರಿಯರೇ, ಪ್ರಾರ್ಥನಾ ಗುಂಪಿನ ಅಕ್ಕಂದಿರೇ, ಇದು ನಿಮಗೆ. ಬೇರೆಯವರೂ ಓದಿ, ಬೇಡ ಅನ್ನಲ್ಲ.

ಮಲದ ಗುಂಡಿಗೆ ಇಳಿದು ಸತ್ತವನ ಮನೆಗೆ ಹೋಗಿ “ದೇವರಿಗೆ ಅವನು ಬೇಕಾಗಿದ್ದ, ಕರ್ಕೊಂಡ” ಅನ್ನೋದನ್ನ ದಯವಿಟ್ಟು ನಿಲ್ಲಿಸಿ. ಅವನನ್ನ ಕೊಂದದ್ದು ಗುಂಡಿಯೊಳಗೆ ಕಟ್ಟಿಕೊಂಡಿದ್ದ ಹೈಡ್ರೋಜನ್ ಸಲ್ಫೈಡ್. ಅವನನ್ನ ಅಲ್ಲಿಗೆ ಇಳಿಸಿದವನಿಗೆ ಒಂದು ಹೆಸರಿದೆ, ಫೋನ್ ನಂಬರಿದೆ, ಸಕ್ಕಿಂಗ್ ಮಷಿನ್‌ಗೆ ಕೊಡಬೇಕಾದ ಬಾಡಿಗೆ ಉಳಿಸಿಕೊಂಡ ಲೆಕ್ಕವೂ ಇದೆ. ನೀವು ದೇವರ ಹೆಸರು ಎತ್ತಿದ ಕೂಡಲೇ ಆ ಮನುಷ್ಯನ ಹೆಸರು ಮಾಯ. ಸ್ಟೇಷನ್ನಿನಲ್ಲಿ ಬರೆಸಬೇಕಾದ ಹೆಸರನ್ನ ನೀವು ಪ್ರಾರ್ಥನೆಯಲ್ಲಿ ಅಳಿಸಿ ಹಾಕ್ತಿದ್ದೀರಿ.

ಇವನ್ಯಾರು ಹೇಳೋಕೆ ಅಂತೀರಿ, ಗೊತ್ತು. ನಮ್ಮದು ಬೀದರ್ ಕಡೆ. ಮೆಥೊಡಿಸ್ಟ್ ಮಿಷನ್ ಕಾಲದಲ್ಲಿ ಆ ಕಡೆ ನಮ್ಮ ಕೇರಿಗಳಲ್ಲಿ ಬಹಳ ಜನ ಕ್ರೈಸ್ತರಾದರು. ನಮ್ಮವ್ವನ ತವರು ಅಂಥದ್ದೇ. ನಮ್ಮ ಮನೆ ಗೋಡೆ ಮೇಲೆ ಯೇಸು, ಬಾಬಾಸಾಹೇಬರು ಅಕ್ಕಪಕ್ಕ ಇದ್ದಾರೆ. ಸಂಡೇ ಸ್ಕೂಲಿನಲ್ಲಿ ಓದಿದ್ದು ಇನ್ನೂ ಮರೆತಿಲ್ಲ, ಅದಕ್ಕೇ ಇಷ್ಟು ಸಿಟ್ಟು.

ಹೋದ ವರ್ಷ ಅಂಥದ್ದೇ ಒಂದು ಮನೆಗೆ ಹೋಗಿದ್ದೆ. ಊರು, ಹೆಸರು ಬೇಡ. 26 ವರ್ಷದ ಹುಡುಗ. ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು, ಕಣ್ಣಲ್ಲಿ ನೀರೂ ಇರಲಿಲ್ಲ. ಪ್ರಾರ್ಥನೆ ಮುಕ್ಕಾಲು ಗಂಟೆ ನಡೀತು. ನಡುವೆ ತಾಯಿ ಎದೆ ಬಡಕೊಂಡು, “ಬಕೆಟ್ ಜಗ್ಗೋದು ಅಷ್ಟೇ ಅಂದಿದ್ದ ಗುತ್ತೇದಾರ, ಒಳಗ ಇಳೀಬೇಕು ಅಂದಿರಲಿಲ್ಲೋ ಯಪ್ಪಾ” ಅಂತ ಕೂಗಿದಳು. ಸಭೆಯ ಹಿರಿಯರೊಬ್ಬರು ಅವಳ ಭುಜ ಹಿಡಿದು, “ಯವ್ವಾ, ವಿಶ್ವಾಸಿಗಳು ಹಿಂಗ ಅಳಬಾರದು, ಸಮಾಧಾನ ಮಾಡ್ಕೊ” ಅಂದ್ರು. ಅವಳು ಸುಮ್ಮನಾದಳು.

ಅವಳು ಹೇಳ್ತಿದ್ದದ್ದು ಸಾಕ್ಷಿ ಕಣ್ರೀ! ದೂರಿನ ಮೊದಲ ಸಾಲು ಅದು! ಅಳು ಅಂತ ತಿಳಿದು ಬಾಯಿ ಮುಚ್ಚಿಸಿದ್ರಿ.

ವಿಶ್ವಾಸಿ ಹಾಗೆ ಅಳಬಾರದು ಅಂತ ಯಾವ ಬೈಬಲಿನಲ್ಲಿದೆ? ಹೆರೋದ ಬೇತ್ಲೆಹೇಮಿನ ಕೂಸುಗಳನ್ನ ಕೊಲ್ಲಿಸಿದಾಗ ಮತ್ತಾಯ ನೆನಪು ಮಾಡಿಕೊಳ್ಳೋದು ರಾಹೇಲಳನ್ನ, ಯಾರ ಸಮಾಧಾನವೂ ಬೇಡ ಅಂದ ತಾಯಿಯನ್ನ. ಅವಳಿಗೆ ಅವನು ಬುದ್ಧಿ ಹೇಳೋಕೆ ಹೋಗಲ್ಲ. ಯೆರೆಮೀಯನ ಪುಸ್ತಕದಲ್ಲಿ ದೇವರು ಅವಳಿಗೆ ಅಳು ನಿಲ್ಲಿಸು ಅಂತಾನೆ, ನಿಜ. ಆದರೆ ಮಕ್ಕಳು ವಾಪಸ್ ಬರ್ತಾರೆ ಅನ್ನೋ ಮಾತು ಕೊಟ್ಟು ಹಾಗಂತಾನೆ. ನಿಮ್ಮ ಕೈಯಲ್ಲಿ ಕೊಡೋಕೆ ಏನಿತ್ತು?

ಯೋಬನ ಗೆಳೆಯರನ್ನ ನೋಡಿ. ಮಕ್ಕಳು ಸತ್ತು, ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕೂತವನನ್ನ ನೋಡೋಕೆ ಮೂವರು ಬಂದರು. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ತುಟಿ ಬಿಚ್ಚಲಿಲ್ಲ. ಇಡೀ ಪುಸ್ತಕದಲ್ಲಿ ಅವರು ಮಾಡಿದ ಒಳ್ಳೇ ಕೆಲಸ ಅದೊಂದೇ. ಯೋಬ ಬಾಯಿಬಿಟ್ಟಿದ್ದೇ ತಡ, ಭಾಷಣ ಶುರು: ನೀನೇನೋ ಪಾಪ ಮಾಡಿರ್ತೀಯ, ದೇವರು ಸುಮ್ನೆ ಹೊಡೆಯಲ್ಲ, ತಗ್ಗಿ ನಡಿ. ಕೊನೆಗೆ ಯೋಬನಿಗೂ ಬೈಗುಳ ತಪ್ಪಲಿಲ್ಲ, ಆದರೆ ದೇವರ ಕೋಪ ಹೊತ್ತಿ ಉರಿದದ್ದು ಈ ಎಲೀಫಜ ಮತ್ತವನ ಗೆಳೆಯರ ಮೇಲೆ. ದೇವರನ್ನೇ ಕಟಕಟೆಗೆ ಎಳೆದ ಯೋಬನ ಮಾತೇ ಸರಿ ಅಂತ ತೀರ್ಪಾಯ್ತು.

ಲಾಜರ ಸತ್ತಾಗ ಮಾರ್ಥ, ಮರಿಯ ಇಬ್ಬರೂ ನೀನಿದ್ದಿದ್ರೆ ತಮ್ಮ ಉಳೀತಿದ್ದ ಅಂತ ಯೇಸುವಿನ ಮುಖಕ್ಕೇ ಹೇಳಿದರು. ಅವನು ಬೈಯಲಿಲ್ಲ, ಅತ್ತ. ಆಮೇಲೆ ಗೋರಿಯ ಕಲ್ಲು ಸರಿಸಿ ಅಂದ. ನಾಲ್ಕು ದಿನ ಆಗಿದೆ, ನಾತ ಹೊಡೆಯುತ್ತೆ ಅಂದಳು ಮಾರ್ಥ. (ಆ ನಾತದ ಮಾತು ನಮ್ಮವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.) ಎಬ್ಬಿಸೋದು ಅವನ ಕೆಲಸ. ಕಲ್ಲು ಸರಿಸೋದು, ಕಟ್ಟಿದ ಬಟ್ಟೆ ಬಿಚ್ಚೋದು ಅಲ್ಲಿ ನಿಂತಿದ್ದ ಜನರ ಕೆಲಸ. ನೀವು ಪುನರುತ್ಥಾನದ ಮಾತಾಡ್ತೀರಿ, ಕಲ್ಲಿಗೆ ಕೈ ಹಚ್ಚಲ್ಲ.

ಕಲ್ಲು ಯಾವುದು ಅಂತೀರಾ? ಫೈಲುಗಳ ನಡುವೆ ಬದುಕೋ ಗುಮಾಸ್ತ ನಾನು, ಹೇಳ್ತೀನಿ. ಮನುಷ್ಯನನ್ನ ರಕ್ಷಣೆ ಇಲ್ಲದೆ ಗುಂಡಿಗೆ ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಒಳಚರಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು, 2023ರ ಅಕ್ಟೋಬರ್‌ನಲ್ಲಿ ಅದನ್ನ 30 ಲಕ್ಷ ಮಾಡಿತು. ಆ ದುಡ್ಡು ತಾನಾಗಿ ನಡೆದು ಬರಲ್ಲ. ಎಫ್‌ಐಆರ್, ಪೋಸ್ಟ್‌ಮಾರ್ಟಂ ವರದಿ, ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲಾ ಟೇಬಲ್ಲಿಂದ ಟೇಬಲ್ಲಿಗೆ. ಎಫ್‌ಐಆರ್‌ನಲ್ಲಿ “ಕಾಲು ಜಾರಿ ಬಿದ್ದು” ಅಂತ ಬಿದ್ದರೆ ಮುಗೀತು ಕಥೆ. ನಿಮ್ಮ ಪ್ರಾರ್ಥನೆ ನಡೆಯುವಾಗ ಗುತ್ತೇದಾರನ ಕಡೆಯವರು ಹಿತ್ತಲಲ್ಲಿ ನೋಟು ಎಣಿಸ್ತಾ, ಖಾಲಿ ಹಾಳೆ ಮೇಲೆ ಹೆಬ್ಬೆಟ್ಟು ಒತ್ತಿಸ್ಕೊಳ್ತಿರ್ತಾರೆ.

ಇನ್ನೊಂದು ಕಲ್ಲು ನಿಮ್ಮ ಚರ್ಚಿನ ಅಂಗಳದಲ್ಲೇ ಇದೆ. 1950ರ ರಾಷ್ಟ್ರಪತಿ ಆದೇಶದ 3ನೇ ಪ್ಯಾರಾ. ಹಿಂದೂ ಬಿಟ್ಟು ಬೇರೆ ಧರ್ಮದವರು ಪರಿಶಿಷ್ಟ ಜಾತಿ ಅಲ್ಲ ಅಂತ. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದರು. ಕ್ರೈಸ್ತರನ್ನ ಇಲ್ಲ. ಆ ಪ್ಯಾರಾ ತೆಗೀರಿ ಅಂತ ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಹೇಳಿದೆ. ಪರಿಶಿಷ್ಟರನ್ನ ಮಲ ಬಾಚೋಕೆ ಹಚ್ಚೋದು ದೌರ್ಜನ್ಯ ಕಾಯ್ದೆಯಲ್ಲಿ ಅಪರಾಧ, ಆದರೆ ಮತಾಂತರವಾದವನಿಗೆ ಆ ಕಾಯ್ದೆ ಸಿಗಲ್ಲ ಅಂತ 2025ರಲ್ಲಿ ಆಂಧ್ರ ಹೈಕೋರ್ಟ್ ಹೇಳಿತು. ಗುಂಡಿಗೆ ಇಳಿಸುವಾಗ ಜಾತಿ ನೋಡ್ತಾರೆ, ಕೇಸು ಹಾಕುವಾಗ ಧರ್ಮ ನೋಡ್ತಾರೆ. ಅದಕ್ಕೇ ಎಷ್ಟೋ ಮನೆಗಳಲ್ಲಿ ಪಾಸ್ಟರ್ ಬಂದರೆ ಸಮಾಧಾನಕ್ಕಿಂತ ಮೊದಲು ಭಯ: ಯಾರಾದ್ರೂ ಫೋಟೋ ತೆಗೆದರೆ ಜಾತಿ ಸರ್ಟಿಫಿಕೇಟ್ ಗತಿ ಏನು? ಈ ಭಯದ ಬಗ್ಗೆ ಒಂದು ಭಾನುವಾರವಾದರೂ ಪ್ರಸಂಗ ಮಾಡಿದ್ದೀರಾ?

ಬಾಬಾಸಾಹೇಬರು ಮತಾಂತರವಾದವರ ಸ್ಥಿತಿ ಬಗ್ಗೆ ಬರೆಯುವಾಗ ಮಿಷನರಿಗಳನ್ನ ಇಲ್ಲೇ ಹಿಡಿದರು. ಅಸ್ಪೃಶ್ಯನ ಪಾಡಿಗೆ ಸುತ್ತಲಿನ ಸಮಾಜ, ಧರ್ಮ ಕಾರಣ ಅಂತ ಕಲಿಸೋದು ಬಿಟ್ಟು ಅವನ ಪಾಪವೇ ಕಾರಣ ಅಂತ ಕಲಿಸಿದಿರಿ ಅಂದರು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ 80ರ ದಶಕದಲ್ಲೇ ದಲಿತ ದೇವತಾಶಾಸ್ತ್ರ ಶುರು ಮಾಡಿದರು. ಅದು ಪುಸ್ತಕದ ಕಪಾಟು ದಾಟಿ ಸಾವಿನ ಮನೆ ಮುಟ್ಟೋಕೆ ಇನ್ನೆಷ್ಟು ವರ್ಷ ಬೇಕು?

ಎಲ್ಲರೂ ಹಾಗಲ್ಲ. ಅದೇ ಮನೆಗೆ ಪಕ್ಕದ ಸಭೆಯ ಪಾಸ್ಟರಮ್ಮ ಬಂದಿದ್ದರು. ಬೈಬಲ್ ಬ್ಯಾಗಿನಲ್ಲೇ ಇತ್ತು, ತೆಗೆಯಲಿಲ್ಲ. ಒಲೆ ಹಚ್ಚಿ ಗಂಜಿ ಕಾಯಿಸಿ ಸೊಸೆಗೆ ಕುಡಿಸಿದರು. ಮರುದಿನ ಶವಾಗಾರದ ಮುಂದೆ ಇದ್ದರು, ಸಂಜೆ ತಾಯಿಯನ್ನ ಕರ್ಕೊಂಡು ಸ್ಟೇಷನ್ ಬೆಂಚಿನ ಮೇಲೆ ನಾಲ್ಕು ಗಂಟೆ ಕೂತರು. ನಾಳೆ ಬನ್ನಿ ಅಂದರೆ “ಇಲ್ಲೇ ಕೂಡ್ತೀವ್ರಿ ಸಾಹೇಬ್ರ” ಅಂದರು. ತಾಯಿ ಹೇಳಿದ್ದನ್ನ ಹೇಳಿದ ಹಾಗೇ ಬರೆಸಿ, ಪ್ರತಿ ಕೈಗೆ ಬಂದ ಮೇಲೆ ಎದ್ದರು.

ಮುಂದಿನ ಸಲ ಹೋಗುವಾಗ ಬೈಬಲ್ ಜೊತೆ ಒಂದು ಪೆನ್ನು, ನಾಲ್ಕು ಬಿಳಿ ಹಾಳೆ ಒಯ್ಯಿರಿ. ತಾಯಿ ಏನು ಕೂಗ್ತಾಳೋ ಬರ್ಕೊಳ್ಳಿ. ಅರ್ಜಿ ಬರೆಯೋಕೆ ಬರಲ್ಲ ಅಂದ್ರೆ ನನಗೆ ಮೆಸೇಜ್ ಹಾಕಿ, ಕಚೇರಿ ಬಿಟ್ಟ ಮೇಲೆ ನಾನೇ ಬರ್ತೀನಿ.

ಜೈ ಭೀಮ್.