ಮ್ಯಾಪ್ ಕೊಳ್ಳೋ ಮೊದಲು ಅಳತೆ ಕೊಳ್ಳಿ

ಬೈಕ್ ಬುದ್ಧಿ ಸರಣಿ | ಭಾಗ 7 🏍️

1/4
ಫೋಟೋದಲ್ಲಿ ಮಸಿ ಹಿಡಿದು ಕೂತಿರೋ ಸ್ಪಾರ್ಕ್ ಪ್ಲಗ್ ನನ್ನ ಬೈಕಿನದೇ. ನಾಚಿಕೆ ಬಿಟ್ಟು ತೋರಿಸ್ತಿದೀನಿ.

ಎರಡು ವರ್ಷದ ಹಿಂದೆ ಫ್ರೀ-ಫ್ಲೋ ಎಕ್ಸಾಸ್ಟ್ ಹಾಕಿಸಿದೆ. ಮಾರಿದವರೇ "ಇದಕ್ಕೆ ಮ್ಯಾಪ್ ಬೇಕೇ ಬೇಕು ಸರ್" ಅಂದ್ರು. ನನಗೂ ಅದೇ ಬೇಕಿತ್ತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಲ್ಯಾಪ್‌ಟಾಪ್ ಚುಚ್ಚಿ ಇಪ್ಪತ್ತೇ ನಿಮಿಷದಲ್ಲಿ ಇಸಿಯು ಫ್ಲ್ಯಾಶ್ ಮಾಡಿ ಕಳಿಸಿದ್ರು.

ಮರುವಾರದಿಂದ 3,500 ಆರ್‌ಪಿಎಂ ಹತ್ರ ಜರ್ಕ್. ಮೈಲೇಜ್ 32ರಿಂದ 24ಕ್ಕೆ. ಸಿಗ್ನಲ್‌ನಲ್ಲಿ ನಿಂತ್ರೆ ಪೆಟ್ರೋಲ್ ವಾಸನೆ. ಮತ್ತೆ ಹೋದೆ, ಇನ್ನೊಂದು ಮ್ಯಾಪ್ ಹಾಕಿದ್ರು. ಮತ್ತೆ ಹೋದೆ, ಮತ್ತೊಂದು. ಕೊನೆಗೆ ನಮ್ಮ ಏರಿಯಾದ ಹಳೇ ಮೆಕ್ಯಾನಿಕ್ ಒಬ್ಬರು ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿ, ಬೆಂಡ್ ಪೈಪ್ ಬುಡಕ್ಕೆ ಸೋಪಿನ ನೀರು ಬಿಟ್ರು. ಗುಳ್ಳೆ ಗುಳ್ಳೆ! ಗ್ಯಾಸ್ಕೆಟ್ ಸರಿಯಾಗಿ ಕೂತಿರಲಿಲ್ಲ. ಮೂರು ಮ್ಯಾಪ್‌ಗೆ ಸಾವಿರಾರು ರೂಪಾಯಿ ಕೊಟ್ಟಿದ್ದೆ. ರೋಗ ಇದ್ದದ್ದು ಒಂದು ಉಂಗುರದಲ್ಲಿ.

2/4
ಯಾಕೆ ಹಾಗಾಯ್ತು? ಇದು ಗೊತ್ತಾದ್ರೆ ನಿಮ್ಮ ದುಡ್ಡು ಉಳಿಯುತ್ತೆ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಬೈಕ್‌ಗಳಲ್ಲಿ ಎಕ್ಸಾಸ್ಟ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತೆ. ನೀವು ಹದವಾಗಿ ಓಡಿಸೋವಾಗ ಇಸಿಯು ಆ ಸೆನ್ಸರ್ ಹೇಳಿದ್ದನ್ನ ಕೇಳಿ ಇಂಧನ ಹೆಚ್ಚು ಕಡಿಮೆ ಮಾಡ್ತಾ ಇರುತ್ತೆ. ಇದು ಕ್ಲೋಸ್ಡ್ ಲೂಪ್. ಥ್ರಾಟಲ್ ಪೂರ್ತಿ ತಿರುಗಿಸಿದಾಗ ಸೆನ್ಸರ್ ಮಾತು ಬಿಟ್ಟು, ಒಳಗೆ ಬರೆದಿಟ್ಟ ಲೆಕ್ಕದ ಪ್ರಕಾರ ನಡೆಯುತ್ತೆ. ಇದು ಓಪನ್ ಲೂಪ್.

ಲೀಕ್ ಇದ್ರೆ ಹೊರಗಿನ ಗಾಳಿ ಪೈಪಿನೊಳಗೆ ಸೇರುತ್ತೆ. ಸೆನ್ಸರ್ "ಆಕ್ಸಿಜನ್ ಜಾಸ್ತಿ ಇದೆ, ಪೆಟ್ರೋಲ್ ಸಾಲದು" ಅನ್ನುತ್ತೆ. ಇಸಿಯು ನಂಬಿ ಸುರಿಯುತ್ತೆ. ಸುಳ್ಳು ಸಾಕ್ಷಿ ಕೇಳಿ ತೀರ್ಪು ಕೊಟ್ಟ ಜಡ್ಜ್‌ನ ಬದಲಾಯಿಸಿದ್ರೆ ಏನು ಪ್ರಯೋಜನ ಹೇಳಿ?

3/4
ಈಗ ಮಾರ್ಕೆಟ್‌ನಲ್ಲಿರೋ ದಾರಿಗಳು.

🔹 ಸೆನ್ಸರ್‌ಗೆ ಟೋಪಿ ಹಾಕೋ ಚಿಕ್ಕ ಡಬ್ಬಿ: ಗಾಳಿ ಇರೋದಕ್ಕಿಂತ ತಣ್ಣಗಿದೆ ಅಂತಲೋ, ಮಿಶ್ರಣ ಲೀನ್ ಆಗಿದೆ ಅಂತಲೋ ಇಸಿಯುಗೆ ಹೇಳಿ ಸ್ವಲ್ಪ ಪೆಟ್ರೋಲ್ ಜಾಸ್ತಿ ಬಿಡಿಸುತ್ತೆ. ಅಗ್ಗ, ಸುಲಭ. ಆದ್ರೆ ಎಷ್ಟು ಬೇಕೋ ಅಷ್ಟೇ ಬಿಡ್ತಾ ಅಂತ ಅಳೆದವರು ಯಾರೂ ಇರಲ್ಲ.

🔹 ಪಿಗ್ಗಿಬ್ಯಾಕ್: ಇಸಿಯು ಮತ್ತು ಇಂಜೆಕ್ಟರ್ ನಡುವೆ ಕೂತು ಸಿಗ್ನಲ್ ತಿದ್ದುತ್ತೆ. ಪವರ್ ಕಮಾಂಡರ್ ಹೆಸರು ಕೇಳಿರ್ತೀರ. ನಮ್ಮ ಬೆಂಗಳೂರಿನಲ್ಲೇ ತಯಾರಾಗೋ ಪವರ್‌ಟ್ರಾನಿಕ್ ಕೂಡ ಇದೇ ಜಾತಿ. ಬಿಚ್ಚಿದ್ರೆ ಬೈಕ್ ಮೊದಲಿನಂತೆ. ಆದ್ರೆ ಕ್ಲೋಸ್ಡ್ ಲೂಪ್‌ನಲ್ಲಿ ಇದು ಕೊಟ್ಟಿದ್ದನ್ನ ಇಸಿಯು ವಾಪಸ್ ಕಿತ್ಕೊಳ್ಳುತ್ತೆ. ಆ ಜಗಳ ಯಾರು ಬಿಡಿಸ್ತಾರೆ ಅಂತ ಮೊದಲೇ ಕೇಳಿ.

🔹 ಇಸಿಯು ಫ್ಲ್ಯಾಶ್: ಮೂಲ ಲೆಕ್ಕವನ್ನೇ ತಿದ್ದೋದು. ಇಂಧನ, ಇಗ್ನಿಷನ್ ಟೈಮಿಂಗ್, ರೆವ್ ಲಿಮಿಟ್ ಎಲ್ಲ ಕೈಗೆ ಸಿಗುತ್ತೆ, ಹೆಚ್ಚುವರಿ ವೈರ್ ಇಲ್ಲ. ಚೆನ್ನಾಗಿ ಮಾಡಿದ್ರೆ ಇದೇ ಉತ್ತಮ, ಒಪ್ಕೋತೀನಿ. ಕೆಟ್ಟದಾಗಿ ಮಾಡಿದ್ರೆ ಪಿಸ್ಟನ್ನೇ ಹೋಗಬಹುದು.

🔹 ಸ್ಟ್ಯಾಂಡ್‌ಅಲೋನ್ ಇಸಿಯು: ರೇಸ್ ಟ್ರ್ಯಾಕ್‌ಗೆ. ಆಫೀಸಿಗೆ ಹೋಗೋ ಬೈಕಿಗೆ ಬೇಡ.

ಒಂದು ಮುಖ್ಯ ಮಾತು. ಬಹಳ ಜನ ಆಕ್ಸಿಜನ್ ಸೆನ್ಸರ್‌ನ ಪೂರ್ತಿ ಆಫ್ ಮಾಡಿಸ್ತಾರೆ. ಈಗ ಬಂಕ್‌ನಲ್ಲಿ ಸಿಗ್ತಿರೋದು ಇ20. ಬರೀ ಪೆಟ್ರೋಲ್‌ಗೆ 1 ಕೆಜಿ ಇಂಧನಕ್ಕೆ 14.7 ಕೆಜಿ ಗಾಳಿ ಬೇಕಿದ್ರೆ, ಇ20ಗೆ ಸುಮಾರು 13.5 ಸಾಕು. ಅಂದ್ರೆ ಅಷ್ಟೇ ಗಾಳಿಗೆ ಇಂಧನ ಜಾಸ್ತಿ ಬೇಕು. ಸೆನ್ಸರ್ ಇದ್ರೆ ಇಸಿಯು ತಾನೇ ಸರಿದೂಗಿಸುತ್ತೆ. ಹಳೇ ಪೆಟ್ರೋಲ್ ಲೆಕ್ಕದ ಮ್ಯಾಪ್ ಹಾಕಿ ಸೆನ್ಸರ್ ಕಿತ್ತರೆ ಎಂಜಿನ್ ಲೀನ್ ಓಡುತ್ತೆ, ಬಿಸಿ ಏರುತ್ತೆ. ಹೇಳೋಕೆ ಸಾಕ್ಷಿಯೇ ಇರಲ್ಲ.

4/4
ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಯಾವ ವಿಧಾನ ಅನ್ನೋದು ಎರಡನೇ ಪ್ರಶ್ನೆ. ಯಾರು, ಯಾವುದರಿಂದ ಅಳೆದ್ರು ಅನ್ನೋದೇ ಮೊದಲನೇದು.

✅ ಬೈಕ್ ಸ್ಟಾಕ್ ಇದೆ, ಅಥವಾ ಕ್ಯಾಟ್ ಹಾಗೇ ಇಟ್ಟು ಬರೀ ಸ್ಲಿಪ್-ಆನ್ ಹಾಕಿದೀರ: ಏನೂ ಮಾಡಿಸಬೇಡಿ. ಏರ್ ಫಿಲ್ಟರ್, ಥ್ರಾಟಲ್ ಬಾಡಿ, ವಾಲ್ವ್ ಕ್ಲಿಯರೆನ್ಸ್, ಲೀಕ್, ಇಷ್ಟು ನೋಡಿಸಿ.
✅ ಫುಲ್ ಸಿಸ್ಟಂ, ಫಿಲ್ಟರ್ ಎರಡೂ ಬದಲಾಗಿವೆ, ಮುಂದೆ ಮತ್ತೆ ಸ್ಟಾಕ್ ಮಾಡೋ ಯೋಚನೆ ಇದೆ: ಪಿಗ್ಗಿಬ್ಯಾಕ್.
✅ ಸ್ಟಾಕ್‌ಗೆ ವಾಪಸ್ ಹೋಗಲ್ಲ, ವಾರಂಟಿ ಮುಗಿದಿದೆ, ಡೈನೋ ಇರೋ ಟ್ಯೂನರ್ ಸಿಕ್ಕಿದಾರೆ: ಫ್ಲ್ಯಾಶ್.

ದುಡ್ಡು ಕೊಡೋ ಮೊದಲು ಮೂರು ಪ್ರಶ್ನೆ ಕೇಳಿ.
1. ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ, ಮೊದಲು ಮತ್ತು ಆಮೇಲಿನ ಗಾಳಿ-ಇಂಧನ ಗ್ರಾಫ್ ಕೊಡ್ತೀರಾ?
2. ನನ್ನ ಒರಿಜಿನಲ್ ಫೈಲ್ ನನಗೆ ಕೊಡ್ತೀರಾ?
3. ಆಕ್ಸಿಜನ್ ಸೆನ್ಸರ್ ಆನ್ ಇಡ್ತೀರಾ, ಆಫ್ ಮಾಡ್ತೀರಾ, ಯಾಕೆ?

"ಅದೆಲ್ಲ ಬೇಡ ಸರ್, ನೂರು ಗಾಡಿಗೆ ಹಾಕಿದೀವಿ" ಅನ್ನೋ ಉತ್ತರ ಬಂದ್ರೆ ಬೈಕ್ ತಿರುಗಿಸಿ ಮನೆಗೆ ಬನ್ನಿ. ಆ ನೂರರಲ್ಲಿ ನಂದೂ ಒಂದಿತ್ತು.

ಇನ್ನೊಂದು: ಕಂಪನಿ ಕೊಟ್ಟ ರೂಪ ಬದಲಾಯಿಸೋದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಡಿವಾಣ ಹಾಕಿದೆ. ಕ್ಯಾಟ್ ಕಿತ್ತರೆ ಹೊಗೆ ಕುಡಿಯೋದು ಹಿಂದೆ ಸ್ಕೂಟರ್‌ನಲ್ಲಿ ಮಗು ಕೂರಿಸ್ಕೊಂಡು ಬರ್ತಿರೋರು. ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಗ್ಯಾಸ್ಕೆಟ್ ಬದಲಾಯಿಸಿ, ಸ್ಟಾಕ್ ಫೈಲ್ ವಾಪಸ್ ಹಾಕಿಸಿದೆ. ಮೈಲೇಜ್ ಈಗ 31. ಜರ್ಕ್ ಇಲ್ಲ. ಎಕ್ಸಾಸ್ಟ್? ಅಟ್ಟದ ಮೇಲಿದೆ 😄

ಟ್ಯೂನ್ ಮಾಡಿಸಿ ಖುಷಿಯಾಗಿರೋರು ಗ್ರಾಫ್ ಸಮೇತ ಕಾಮೆಂಟ್ ಮಾಡಿ, ಕಲಿಯೋಣ. ಮ್ಯಾಪ್ ಹಾಕಿಸೋಕೆ ಹೊರಟಿರೋ ಗೆಳೆಯನಿಗೆ ಇವತ್ತೇ ಕಳಿಸಿ. ಭಾಗ 8ರಲ್ಲಿ ಚೈನ್ ಮತ್ತು ಸ್ಪ್ರಾಕೆಟ್.

#ಬೈಕ್‌ಬುದ್ಧಿ #ಕನ್ನಡಬೈಕರ್ಸ್ #ಇಸಿಯು #ಅಳೆದುನೋಡಿ